ಚಿತ್ರದಲ್ಲಿರೋಳ ಹೆಸರು

ನಮ್ಮ ಆಫೀಸಿನ ಲಿಫ್ಟ್ ಪಕ್ಕ ನಾನು ನಿಂತಿದ್ದೀನಿ. ಆರಡಿ ಎತ್ತರ, ಕೈ ಕಟ್ಟಿಕೊಂಡು, ಹಲ್ಲು ಕಾಣೋ ಹಾಗೆ ನಗ್ತಾ. ನಿಜವಾದ ನಾನು ಐದಡಿ ಎರಡಿಂಚು, ಸೋಮವಾರ ಬೆಳಗ್ಗೆ ಅಷ್ಟೆಲ್ಲ ನಗೋದೂ ಇಲ್ಲ. ಮಹಿಳಾ ದಿನಾಚರಣೆಗೆ ಅಂತ ಮಾಡಿಸಿದ ಸ್ಟ್ಯಾಂಡಿ ಅದು. ಮಾರ್ಚ್ ಮುಗಿದು ಗಣೇಶನ ಹಬ್ಬ ಬಂದರೂ ಯಾರೂ ಎತ್ತಿಡಲಿಲ್ಲ. ಅದೇ ಫೋಟೋ ಕಂಪನಿಯ ವೆಬ್‌ಸೈಟಿನಲ್ಲಿದೆ, ಕಾಲೇಜುಗಳಿಗೆ ಹಂಚೋ ಬ್ರೋಷರಿನಲ್ಲಿದೆ. ಒಮ್ಮೆ ಹೌಸ್‌ಕೀಪಿಂಗ್ ಆಂಟಿ ಸ್ಟ್ಯಾಂಡಿಯ ಮುಖ ಒರೆಸ್ತಾ ಇದ್ದಿದ್ದು ನೋಡಿ ನನ್ನ ಕೆನ್ನೆ ನಾನೇ ಮುಟ್ಟಿಕೊಂಡೆ. ಹೆಸರು ಮಾತ್ರ ಎಲ್ಲೂ ಇಲ್ಲ.

ಅದೇ ಮಾರ್ಚ್‌ನಲ್ಲಿ ಇನ್ನೊಂದು ಆಯ್ತು. ಸ್ವಸಹಾಯ ಸಂಘದ ಹೆಂಗಸರು ಫೋನಿನಲ್ಲಿ ದುಡ್ಡು ಕಟ್ಟೋಕೆ ಯಾಕೆ ಹೆದರ್ತಾರೆ ಅಂತ ಎಂಟು ತಿಂಗಳು ಓಡಾಡಿ ಮಾಡಿದ ನನ್ನ ರಿಪೋರ್ಟು, ದೊಡ್ಡವರ ಮೀಟಿಂಗಿನಲ್ಲಿ ನನ್ನ ಮ್ಯಾನೇಜರ್ ಹೆಸರಲ್ಲಿ ಪ್ರೆಸೆಂಟ್ ಆಯ್ತು. ನಾನೂ ಅದೇ ಕಾಲ್‌ನಲ್ಲಿದ್ದೆ, ಮ್ಯೂಟ್‌ನಲ್ಲಿ. ಕೊನೆಗೆ ಅವರಿಗೆ ಚಪ್ಪಾಳೆಯ ಇಮೋಜಿಗಳು ಹಾರಿದವು. ನಾನೂ ಒಂದು ಹಾರಿಸಿದೆ. ರಾತ್ರಿ ಕೂತು ಒಂದು ಇಮೇಲ್ ಬರೆದೆ. ಕಳಿಸಲಿಲ್ಲ. ಡ್ರಾಫ್ಟ್ಸ್‌ನಲ್ಲಿ ಇನ್ನೂ ಇದೆ.

ಇದಾಗಿ ಮೂರು ತಿಂಗಳಿಗೆ, 2023ರ ಜೂನಿನಲ್ಲಿ, ಮೂರು ವಾರ ಲಂಡನ್ನಿಗೆ ಹೋಗೋ ಅವಕಾಶ ಬಂತು. (ಆನ್‌ಸೈಟ್ ಅಂದರೆ ಏನೋ ದೊಡ್ಡದು ಅಂದ್ಕೋಬೇಡಿ. ದಿನಾ ಸ್ಯಾಂಡ್‌ವಿಚ್, ಸಂಜೆ ಬೆಂಗಳೂರಿನ ಕಾಲ್.) ಒಂದು ಶನಿವಾರ ಟೇಟ್ ಬ್ರಿಟನ್‌ಗೆ ಹೋದೆ. ಆ ಬೇಸಿಗೆಯಲ್ಲಿ ಅಲ್ಲಿ ರೊಸೆಟ್ಟಿ ಕುಟುಂಬದ ಮೇಲೆ ಒಂದು ದೊಡ್ಡ ಪ್ರದರ್ಶನ ನಡೀತಾ ಇತ್ತು.

ಡಿಗ್ರೀಲಿ ಆಪ್ಷನಲ್ ಇಂಗ್ಲಿಷ್ ತಗೊಂಡವರಿಗೆ ಕ್ರಿಸ್ಟಿನಾ ರೊಸೆಟ್ಟಿ ಹೆಸರು ಗೊತ್ತಿರುತ್ತೆ. 1830ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವಳು. ಅಪ್ಪ ಇಟಲಿಯಿಂದ ರಾಜಕೀಯದ ಕಾರಣಕ್ಕೆ ಓಡಿಬಂದ ವಿದ್ವಾಂಸ. ಅಣ್ಣ ಡಾಂಟೆ ಗೇಬ್ರಿಯಲ್ ಚಿತ್ರಕಾರ, ಕವಿ, ಗೆಳೆಯರ ಗುಂಪು ಕಟ್ಟೋದರಲ್ಲಿ ನಿಸ್ಸೀಮ. ನಮ್ಮ ಸಿಲಬಸ್ಸಿನಲ್ಲಿ ಕ್ರಿಸ್ಟಿನಾ ಬಂದಿದ್ದು ಭಕ್ತಿ, ವಿರಹ, ಸಾವು ಅನ್ನೋ ಐದು ಅಂಕದ ಉತ್ತರವಾಗಿ. ಬಾಯಿಪಾಠ ಮಾಡಿ ಬರೆದು ಮರೆತಿದ್ದೆ.

ಆದರೆ ಅವಳದೊಂದು ಸಾನೆಟ್ ಇದೆ. 1856ರ ಡಿಸೆಂಬರಿನಲ್ಲಿ, ಇಪ್ಪತ್ತಾರನೇ ವಯಸ್ಸಿಗೆ ಬರೆದಿದ್ದು. ಒಬ್ಬ ಕಲಾವಿದನ ಸ್ಟುಡಿಯೋ. ಸುತ್ತ ಇರೋ ಎಲ್ಲ ಚಿತ್ರಗಳಲ್ಲೂ ಒಬ್ಬಳೇ ಹೆಂಗಸು. ವೇಷ ಬದಲಾಗುತ್ತೆ, ಮುಖ ಬದಲಾಗಲ್ಲ. ಕವಿತೆ ಮುಂದೆ ಹೋದ ಹಾಗೆ ಅನುಮಾನ ಶುರುವಾಗುತ್ತೆ: ಇವನು ಬರೀತಿರೋದು ಎದುರಿಗೆ ಕೂತವಳನ್ನೋ, ತನ್ನ ತಲೆಯೊಳಗಿನ ಕನಸನ್ನೋ? ಎದುರಿಗಿರೋಳು ಕಾದು ಕಾದು ಬಾಡ್ತಾ ಇದ್ದಾಳೆ, ಕ್ಯಾನ್ವಾಸಿನೊಳಗಿನವಳು ಹೊಳೀತಾನೇ ಇದ್ದಾಳೆ. ಆ ಸ್ಟುಡಿಯೋ ಅಣ್ಣನದು, ಕೂತವಳು ಎಲಿಜಬೆತ್ ಸಿಡಲ್, ಮನೆಯವರ ಬಾಯಲ್ಲಿ ಲಿಜ್ಜಿ, ಅಂತ ಆಮೇಲೆ ಇನ್ನೊಬ್ಬ ಅಣ್ಣ ವಿಲಿಯಂ ಮೈಕಲ್ ಹೇಳಿದ.

ಕ್ರಿಸ್ಟಿನಾ ಇದನ್ನೆಲ್ಲ ಕಿಟಕಿ ಆಚೆಯಿಂದ ನೋಡಿದವಳಲ್ಲ. ಅವಳೂ ಅಣ್ಣನ ಮುಂದೆ ಕೂತಿದ್ದಳು, ಹದಿಹರೆಯದಲ್ಲಿ, ಅವನ ಮೊದಮೊದಲ ಎರಡು ಚಿತ್ರಗಳಿಗೆ ಮೇರಿಮಾತೆಯಾಗಿ. ಎರಡೂ ಟೇಟ್‌ನಲ್ಲೇ ಇವೆ. ಒಂದರಲ್ಲಿ ದೇವದೂತ ಹೂವು ಹಿಡಿದು ನಿಂತಿದ್ದಾನೆ, ಹಾಸಿಗೆ ಮೇಲಿನ ಹುಡುಗಿ ಗೋಡೆಗೆ ಒತ್ತಿಕೊಂಡು ಮುದುರಿದ್ದಾಳೆ. ಅಷ್ಟು ಹೊತ್ತು ಅಲ್ಲಾಡದೆ ಕೂತರೆ ಕುತ್ತಿಗೆ ಹೇಗೆ ನೋಯುತ್ತೆ, ನೋಡುವವನ ಕಣ್ಣು ಎಲ್ಲಿ ನಿಲ್ಲುತ್ತೆ, ಎಲ್ಲ ಅವಳಿಗೆ ಗೊತ್ತು. ಹಾಗಾಗಿ ಆ ಸಾನೆಟ್‌ನಲ್ಲಿ ಆಗೋದು ಸಣ್ಣ ವಿಷಯ ಅಲ್ಲ. ಕುರ್ಚಿಯಲ್ಲಿ ಕೂತಿದ್ದ ಹುಡುಗಿ ಎದ್ದು ಬಂದು, ಕುಂಚ ಹಿಡಿದವನ ಬೆನ್ನ ಹಿಂದೆ ನಿಂತು ಅವನನ್ನೇ ನೋಡ್ತಾಳೆ.

ನೋಡಿದ್ದನ್ನು ಬರೆದಳು. ಬರೆದು ಒಳಗಿಟ್ಟಳು. 1862ರ ಪುಸ್ತಕದಲ್ಲಿ ಅದಿಲ್ಲ. 1866ರದ್ದರಲ್ಲಿ, 1875ರದ್ದರಲ್ಲಿ, 1881ರದ್ದರಲ್ಲಿ ಇಲ್ಲ. ಅಣ್ಣ 1882ರಲ್ಲಿ ತೀರಿಕೊಂಡ. ಅವಳು ಆಮೇಲೂ ಹನ್ನೆರಡು ವರ್ಷ ಬದುಕಿದ್ದಳು, ಆಗಲೂ ಹೊರಗೆ ತೆಗೀಲಿಲ್ಲ. ಅದು ಅಚ್ಚಾಗಿದ್ದು 1896ರಲ್ಲಿ, ಅವಳು ಸತ್ತು ಎರಡು ವರ್ಷಕ್ಕೆ, ವಿಲಿಯಂ ಮೈಕಲ್ ಸಂಪಾದಿಸಿದ ಪುಸ್ತಕದಲ್ಲಿ. ನಲವತ್ತು ವರ್ಷ ಡ್ರಾಫ್ಟ್ಸ್‌ನಲ್ಲಿ.

ಅಣ್ಣನಿಗೆ ಹೆದರಿದ್ದಳು ಅಂತ ಸುಲಭಕ್ಕೆ ಹೇಳಿಬಿಡಬಹುದು. ನನಗೆ ಒಪ್ಪಿಗೆ ಇಲ್ಲ. ಮದುವೆಯಾಗದ ಅಪ್ಪ ಅಮ್ಮನಿಗೆ ಹುಟ್ಟಿದ ಹುಡುಗಿಯೊಬ್ಬಳು ತಾನೇ ಮಾತಾಡೋ ಕವಿತೆ ಬರೆದಾಗ, ಹೆಂಗಸು ಇಂಥ ವಿಷಯ ಮುಟ್ಟೋದು ಬೇಡ ಅಂತ ಅಣ್ಣ ಹಿಂದೆಮುಂದೆ ನೋಡಿದ. ಅವಳು 1866ರ ಪುಸ್ತಕದಲ್ಲಿ ಹಾಕಿಯೇ ಹಾಕಿದಳು. 1875ರಲ್ಲಿ ಇನ್ನೊಂದು ಕವಿತೆ ನೋಡಿ, ಇದರಲ್ಲಿ ಬ್ರೌನಿಂಗ್ ಹೆಂಡತಿಯ ಥರದ ಬಲವಂತದ ಗಂಡುದನಿ ಇದೆ ಅಂತ ಗೊಣಗಿದ. ಆ ಕವಿತೆಯೂ ಪುಸ್ತಕದಲ್ಲಿ ಇದೆ. ಹೆದರೋಳಲ್ಲ. ಆದರೆ 1862ರ ಅವಳ ಪುಸ್ತಕಕ್ಕೆ ಚಿತ್ರ ಬರೆದವನೂ ಅವನೇ, ಪ್ರಕಾಶಕರ ಜೊತೆ ಮಾತಾಡಿದವನೂ ಅವನೇ. ಪ್ರೀತಿಯ ಅಣ್ಣ ಬೇರೆ. ಇಂಥವರ ಬಗ್ಗೆ ಬರೆದ ಇಮೇಲ್ ಕಳಿಸೋದು ಎಷ್ಟು ಕಷ್ಟ ಅಂತ ನನ್ನ ಕೇಳಿ. ನನ್ನ ಮ್ಯಾನೇಜರ್ ಕೂಡ ಕೆಟ್ಟವರಲ್ಲ. ಅಮ್ಮನಿಗೆ ಆಪರೇಷನ್ ಆದಾಗ ಎರಡು ವಾರ ರಜೆಯನ್ನು ಒಂದು ಪ್ರಶ್ನೆ ಕೇಳದೆ ಕೊಟ್ಟವರು.

1862ರ ಆ ಪುಸ್ತಕದ ಶೀರ್ಷಿಕೆ ಕವಿತೆ ‘ಗಾಬ್ಲಿನ್ ಮಾರ್ಕೆಟ್’ ಬಗ್ಗೆ ಒಂದು ಮಾತು. ಹಣ್ಣು ಮಾರೋ ಗಾಬ್ಲಿನ್‌ಗಳೆಲ್ಲ ಗಂಡಸರು, ಕೊಳ್ಳೋಕೆ ಬರೋರು ಹುಡುಗಿಯರು. ಲಾರಾ ಹತ್ತಿರ ಕಾಸಿಲ್ಲ. ನಿನ್ನ ಕೂದಲೇ ಚಿನ್ನ ತಾನೆ ಅಂತ ಒಂದು ಎಳೆ ಕೇಳಿ ಇಸ್ಕೋತಾರೆ. ಅವಳ ಅಕ್ಕತಂಗಿ ಬೆಳ್ಳಿ ನಾಣ್ಯ ತಂದು, ಹಣ್ಣು ಕಟ್ಟಿಕೊಡಿ ಮನೆಗೆ ತಗೊಂಡು ಹೋಗ್ತೀನಿ ಅಂದಾಗ ಮಾರುಕಟ್ಟೆಗೆ ಸಿಟ್ಟೇ ಬರುತ್ತೆ. ಕಾಸಿಲ್ಲದ ಹೆಣ್ಣಿನ ಮೇಲಿಲ್ಲದ ಸಿಟ್ಟು ಕಾಸು ಹಿಡಿದು ಬಂದ ಹೆಣ್ಣಿನ ಮೇಲೆ. ಇಂಗ್ಲೆಂಡಿನಲ್ಲಿ ಮದುವೆಯಾದ ಹೆಂಗಸು ದುಡಿದ ದುಡ್ಡು ಅವಳದೇ ಅಂತ ಕಾನೂನು ಒಪ್ಪಿದ್ದು 1870ರಲ್ಲಿ, ಈ ಕವಿತೆ ಬಂದು ಎಂಟು ವರ್ಷಕ್ಕೆ. ಅಂದಹಾಗೆ, ನಾಣ್ಯ ಹಿಡಿದು ಹೋಗೋ ಹುಡುಗಿಯ ಹೆಸರು ಲಿಜ್ಜಿ.

ಟೇಟ್‌ನಲ್ಲಿ ಆ ದಿನ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಇನ್ನೊಬ್ಬ ಲಿಜ್ಜಿ. ಟೋಪಿ ಹೊಲಿಯೋ ಅಂಗಡಿಯಲ್ಲಿ ಕೆಲಸ ಮಾಡ್ತಿದ್ದ ಹುಡುಗಿ. ಅವಳನ್ನು ನೀವು ನೋಡಿದ್ದೀರಿ, ಹೆಸರು ಗೊತ್ತಿಲ್ಲದಿದ್ದರೂ: ಹೂವಿನ ಮಧ್ಯೆ ನೀರಲ್ಲಿ ಬಾಯಿ ಅರೆ ತೆರೆದು ತೇಲೋ ಒಫೀಲಿಯಾ ಅವಳೇ. ಜಾನ್ ಎವರೆಟ್ ಮಿಲೇ ಅದನ್ನು ಬರೆಯೋವಾಗ ಅವಳು ಮೈತುಂಬ ಬಟ್ಟೆ ಹಾಕ್ಕೊಂಡು ನೀರು ತುಂಬಿದ ತೊಟ್ಟಿಯಲ್ಲಿ ಮಲಗಿರಬೇಕಿತ್ತು. ನೀರು ಬೆಚ್ಚಗಿರಲಿ ಅಂತ ಕೆಳಗೆ ದೀಪ ಇಟ್ಟಿದ್ದರು. ದೀಪ ಆರಿತು, ಅವನು ಗಮನಿಸಲಿಲ್ಲ, ಅವಳು ಹೇಳಲಿಲ್ಲ. ಅವಳು ಹಾಸಿಗೆ ಹಿಡಿದಳು. ಅವಳಪ್ಪ ಐವತ್ತು ಪೌಂಡ್ ಪರಿಹಾರ ಕೇಳಿದ, ಕೊನೆಗೆ ಮಿಲೇ ಡಾಕ್ಟರ ಬಿಲ್ಲು ಕಟ್ಟಿದ.

ನನಗೆ ಗೊತ್ತಿಲ್ಲದೆ ಇದ್ದಿದ್ದು ಮುಂದಿನ ಕಥೆ. ಅವಳೂ ಚಿತ್ರ ಬರೀತಿದ್ದಳು. ವಿಮರ್ಶಕ ಜಾನ್ ರಸ್ಕಿನ್ 1855ರಲ್ಲಿ ವರ್ಷಕ್ಕೆ 150 ಪೌಂಡ್ ಕೊಟ್ಟು ಅವಳ ಕೆಲಸ ಕೊಳ್ಳೋಕೆ ಒಪ್ಪಿಕೊಂಡ. 1857ರಲ್ಲಿ ಆ ಗುಂಪಿನ ಗಂಡಸರ ಜೊತೆ ಲಂಡನ್ನಿನಲ್ಲಿ ಪ್ರದರ್ಶನ ಮಾಡಿದಳು. ಕವಿತೆಗಳನ್ನೂ ಬರೆದಳು, ಒಂದೂ ಬದುಕಿದ್ದಾಗ ಅಚ್ಚಾಗಲಿಲ್ಲ. ಅವಳ ಮನೆತನದ ಹೆಸರಿನ ಕೊನೆಗೆ ಎರಡು ‘ಎಲ್’ ಇತ್ತು. ಡಾಂಟೆ ಗೇಬ್ರಿಯಲ್ ಒಂದನ್ನು ತೆಗೆಸಿದ, ಅವನ ಕಣ್ಣಿಗೆ ಹಾಗೆ ಚೆನ್ನಾಗಿ ಕಾಣ್ತಿತ್ತೇನೋ. ವರ್ಷಗಟ್ಟಲೆ ಕಾಯಿಸಿ 1860ರಲ್ಲಿ ಮದುವೆಯಾದ. ಮಾರನೇ ವರ್ಷ ಹುಟ್ಟಿದ ಮಗು ಸತ್ತೇ ಹುಟ್ಟಿತು. 1862ರ ಫೆಬ್ರವರಿಯಲ್ಲಿ ಅಫೀಮಿನ ಔಷಧಿ ಮಿತಿಮೀರಿ ಅವಳೂ ಹೋದಳು. ವಯಸ್ಸು ಮೂವತ್ತೆರಡು.

ದುಃಖದಲ್ಲಿ ಅವನು ತನ್ನ ಕವಿತೆಗಳ ಹಸ್ತಪ್ರತಿಯನ್ನು ಅವಳ ಶವಪೆಟ್ಟಿಗೆಯಲ್ಲೇ ಇಟ್ಟ. ಏಳು ವರ್ಷದ ಮೇಲೆ ಪುಸ್ತಕ ತರಬೇಕು ಅನ್ನಿಸಿತು. 1869ರ ಅಕ್ಟೋಬರಿನಲ್ಲಿ ಹೈಗೇಟ್ ಸ್ಮಶಾನದಲ್ಲಿ ಗೋರಿ ತೋಡಿಸಿ ಹಸ್ತಪ್ರತಿ ಹೊರಗೆ ತೆಗೆಸಿದ. ತಾನು ಅಲ್ಲಿಗೆ ಹೋಗಲಿಲ್ಲ, ಬೇರೆಯವರನ್ನು ಕಳಿಸಿದ. 1870ರಲ್ಲಿ ಪುಸ್ತಕ ಬಂತು. ಸತ್ತ ಮೇಲೂ ಅವಳು ಅವನ ಕಾಗದ ಕಾಯೋ ಕೆಲಸದಲ್ಲೇ ಇದ್ದಳು.

ಗೋಡೆಯ ಮೇಲೆ ಅವಳೇ ಬರೆದ ಚಿತ್ರಗಳು ಇದ್ದವು. ತುಂಬಾ ಸಣ್ಣವು, ಹತ್ತಿರ ಹೋಗಿ ಬಗ್ಗಿ ನೋಡಬೇಕು. ಬಗ್ಗಿ ನೋಡ್ತಾ ಇದ್ದಾಗಲೇ ಹೊಳೆದಿದ್ದು, ಮತ್ತೆ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಗಿದ್ದು: ಕ್ರಿಸ್ಟಿನಾಳ ಸಾನೆಟ್‌ನಲ್ಲೂ ಈ ಹೆಂಗಸಿಗೆ ಹೆಸರಿಲ್ಲ. ಒಂದು ಮಾತೂ ಇಲ್ಲ. ಆ ಸಾನೆಟ್ ಬರೆದ ಹೊತ್ತಿಗೆ ಲಿಜ್ಜಿ ರಸ್ಕಿನ್‌ನಿಂದ ದುಡ್ಡು ಪಡೆದು ಚಿತ್ರ ಬರೀತಿದ್ದವಳು. ಅಣ್ಣನ ಕಣ್ಣಿಗೆ ಅವಳು ಕನಸಾಗಿ ಕಂಡಳು, ತಂಗಿಯ ಕಣ್ಣಿಗೆ ಬಾಡಿದ ಬಲಿಪಶುವಾಗಿ. ಕುಂಚ ಇಬ್ಬರಿಗೂ ಕಾಣಿಸಲಿಲ್ಲ.

ಬೇರೆ ಥರ ಬರೆಯೋಕೆ ಸಾಧ್ಯವೇ ಇರಲಿಲ್ಲವಾ? ಇತ್ತು. ಅದೇ ಚಳಿಗಾಲದಲ್ಲೇ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್‌ಳ ‘ಆರೋರಾ ಲೀ’ ಬಂದಿತ್ತು. ಒಂಬತ್ತು ಭಾಗಗಳ ಪದ್ಯಕಾದಂಬರಿ. ಹೆಂಗಸರಿಂದ ಒಳ್ಳೆಯ ಹೆಂಡತಿ, ತಾಯಿ ಸಿಗಬಹುದು, ಕವಿ ಸಿಗಲ್ಲ ಅನ್ನೋ ಸೋದರಸಂಬಂಧಿಯನ್ನು ಆರೋರಾ ಇಪ್ಪತ್ತನೇ ಹುಟ್ಟುಹಬ್ಬದ ದಿನ ತಿರಸ್ಕರಿಸಿ ಬರೆದೇ ಬದುಕ್ತಾಳೆ. ಎಲ್ಲರೂ ಹೇಳೋದು ಅಷ್ಟನ್ನೇ. ನನಗೆ ಹೆಚ್ಚು ಮುಖ್ಯ ಮೇರಿಯನ್ ಅರ್ಲ್ ಅನ್ನೋ ಹೊಲಿಗೆ ಕೆಲಸದ ಬಡ ಹುಡುಗಿ. ಮೋಸಹೋಗಿ, ಅತ್ಯಾಚಾರಕ್ಕೊಳಗಾಗಿ, ಮಗು ಹೊತ್ತು ನಿಂತವಳು. ಆರೋರಾ ಮೊದಲು ಅವಳನ್ನೇ ಗದರಿಸ್ತಾಳೆ, ನೀತಿ ಹೇಳ್ತಾಳೆ. ಆಮೇಲೆ ಮೇರಿಯನ್ ತಾನೇ ಬಾಯಿ ಬಿಟ್ಟು ನಡೆದಿದ್ದನ್ನು ಹೇಳ್ತಾಳೆ. ಕವಿ ಸುಮ್ಮನೆ ಕೇಳಿಸ್ಕೋಬೇಕಾಗುತ್ತೆ.

ಇಲ್ಲಿಗೆ ಬಂದ ಮೇಲೆ ನನ್ನ ರಿಪೋರ್ಟಿನ ಎರಡನೇ ಸ್ಲೈಡ್ ಬಗ್ಗೆ ಹೇಳಲೇಬೇಕು.

ಆ ಎಂಟು ತಿಂಗಳ ಕೆಲಸದಲ್ಲಿ ಹೆಂಗಸರ ಜೊತೆ ಮಾತಾಡಿದ್ದು ಮುಕ್ಕಾಲು ಪಾಲು ನಾನಲ್ಲ. ಏಜೆನ್ಸಿ ಮೂಲಕ ಬಂದಿದ್ದ ಹಾವೇರಿ ಕಡೆಯ ಹುಡುಗಿ, ಬಿ.ಎ. ಮುಗಿಸಿದವಳು, ಆರು ತಿಂಗಳ ಕಾಂಟ್ರ್ಯಾಕ್ಟ್. ನನ್ನ ಬೆಂಗಳೂರು ಕನ್ನಡ ಕೇಳಿದರೆ ಆ ಹೆಂಗಸರು ಹೂಂ, ಹಾಂ ಅಂತ ಮುಗಿಸೋರು. ಅವಳು ಕಟ್ಟೆ ಮೇಲೆ ಕೂತು ಚಾ ಕುಡಿದು ಶುರುಮಾಡಿದರೆ ಗಂಡನಿಗೆ ಮೆಸೇಜ್ ಹೋಗುತ್ತೆ ಅನ್ನೋ ಭಯದ ತನಕ ಎಲ್ಲ ಹೊರಗೆ ಬರೋದು. ಇಡೀ ರಿಪೋರ್ಟು ನಿಂತಿರೋದೇ ಆ ಒಂದು ವಿಷಯದ ಮೇಲೆ. ಮ್ಯಾನೇಜರ್ ನನ್ನ ಹೆಸರು ತೆಗೆಯೋಕೆ ಮುಂಚೆ, ನಾನೇ ತಯಾರಿಸಿದ್ದ ಮೂಲ ಪ್ರತಿಯಲ್ಲಿ, ಎರಡನೇ ಸ್ಲೈಡಿನ ಕೆಳಗೆ ನನ್ನ ಹೆಸರಿತ್ತು. ಪಕ್ಕದಲ್ಲಿ ‘ಮತ್ತು ಫೀಲ್ಡ್ ಟೀಮ್’ ಅಂತಿತ್ತು. ಆ ಟೀಮ್ ಅಂದರೆ ಅವಳೊಬ್ಬಳೇ. ಮೂಲೆಗೆ ಅವಳದೊಂದು ಫೋಟೋ ಕೂಡ ಹಾಕಿದ್ದೆ. ಹಿಂದೆ ಮೆಣಸಿನಕಾಯಿ ರಾಶಿ, ಚೆನ್ನಾಗಿ ಬಂದಿತ್ತು.

ಬೆಂಗಳೂರಿಗೆ ಬಂದ ಮೇಲೆ ಫೋನ್ ಮಾಡಿದೆ. ಕಥೆಯೆಲ್ಲ ಹೇಳಿದೆ, ಲಿಜ್ಜಿದೂ ಸೇರಿಸಿ. ಕೇಳಿಸ್ಕೊಂಡಳು. ಇದರ ಬಗ್ಗೆ ಬರೀತೀನಿ, ನಿನ್ನ ಹೆಸರು ಹಾಕಲಾ ಅಂದೆ.

“ಬ್ಯಾಡ್ರೀ ಅಕ್ಕಾರ. ಹೆಸರು ಹಾಕಿ ಏನ್ ಮಾಡ್ತೀರಿ. ಅದರ ಬದ್ಲಿ ಒಂದು ಎಕ್ಸ್‌ಪೀರಿಯನ್ಸ್ ಲೆಟರ್ ಕೊಡಸ್ರಲ್ಲ. ಆರು ತಿಂಗಳ ದುಡದೀನಿ, ತೋರ್ಸಾಕ ಒಂದು ಕಾಗದ ಇಲ್ಲ.”

ಎಚ್‌ಆರ್‌ಗೆ ಬರೆದೆ. ಅವಳು ನಮ್ಮ ಉದ್ಯೋಗಿ ಅಲ್ಲ, ಏಜೆನ್ಸಿ ಕೊಡಬೇಕು ಅಂದರು. ಏಜೆನ್ಸಿಯವರು ಪ್ರಾಜೆಕ್ಟ್ ಕ್ಲೋಸ್ ಆಗಿದೆ ಅಂದರು. ಮೂರು ವಾರ ಹೀಗೇ ಕಳೀತು. ಕೊನೆಗೆ ಮ್ಯಾನೇಜರ್ ಹತ್ತಿರ ಹೋಗಿ, ಈ ಲೆಟರ್ ನಾನೇ ಬರೀತೀನಿ, ಲೆಟರ್‌ಹೆಡ್‌ನಲ್ಲಿ ನೀವು ಸಹಿ ಹಾಕಿ ಅಂದೆ. ನನ್ನ ಹೆಸರಿಗಾಗಿ ಬಾಯಿ ಬಿಡದವಳು ಇದಕ್ಕೆ ಬಿಟ್ಟೆ. ಅವರು ಒಂದು ನಿಮಿಷ ನನ್ನ ಮುಖ ನೋಡಿ, ಕಳಿಸು ನೋಡೋಣ ಅಂದರು.

ಏನು ಕೆಲಸ ಮಾಡಿದಳು ಅಂತ ಬರೆದೆ, ಎಷ್ಟು ಊರು, ಎಷ್ಟು ಮಾತುಕತೆ, ಯಾವ ವಿಷಯ ಅವಳಿಂದಲೇ ಗೊತ್ತಾಯ್ತು ಅಂತ. ಹೆಸರು ಟೈಪ್ ಮಾಡೋವಾಗ ಕೈ ನಿಂತಿತು. ಮತ್ತೆ ಫೋನ್ ಮಾಡಿ ಸ್ಪೆಲ್ಲಿಂಗ್ ಕೇಳಿದೆ.

“ಕೊನೀಗೆ ಎರಡು ‘ಎ’ ಹಾಕ್ರಿ ಅಕ್ಕಾರ. ಮಾರ್ಕ್ಸ್ ಕಾರ್ಡಿನ್ಯಾಗ ಹಂಗ ಐತಿ. ಒಂದ ಹಾಕಿದ್ರ ಯಾರೂ ಒಪ್ಪಂಗಿಲ್ಲ.”