ಕೀಲಿ ಇಲ್ಲದ ಕೀಲಿಮಣೆ

ಗೋಡೆಗೂ ಕಿವಿ ಇರುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಗುಟ್ಟಿನ ಮಾತನ್ನು ಮೆಲ್ಲಗೆ ಆಡಬೇಕು ಎಂಬುದಷ್ಟೇ ಅದರ ಅರ್ಥವಾಗಿತ್ತು. ಈಗ ಗುಟ್ಟನ್ನು ಬಾಯಿಂದ ಆಡುವುದಕ್ಕಿಂತ ಬೆರಳಿನಿಂದ ಒತ್ತುವುದೇ ಹೆಚ್ಚು. ವಿದ್ಯಾರ್ಥಿವೇತನದ ಅರ್ಜಿ, ಸಿಇಟಿಯ ಕಾಲೇಜು ಆಯ್ಕೆ, ಬ್ಯಾಂಕಿನ ಖಾತೆ ಎಲ್ಲಕ್ಕೂ ಒಂದೊಂದು ಗುಪ್ತಪದ ಬೇಕು. ಹಳ್ಳಿಯ ಮನೆಯ ಲ್ಯಾಪ್‌ಟಾಪ್ ಇರಲಿ, ಗ್ರಾಮ ಒನ್ ಕೇಂದ್ರದ ಕಂಪ್ಯೂಟರ್ ಇರಲಿ, ಆ ಗುಪ್ತಪದ ದಾಟುವ ಮೊದಲ ಹೊಸ್ತಿಲು ಕೀಲಿಮಣೆ. ಧಾರವಾಡದ ಕಡೆ ಕೀಲಿ ಎಂದರೆ ಬೀಗ. ಆದರೆ ಎಲ್ಲ ಕೀಲಿಮಣೆಗೂ ಕೀಲಿ ಇರುವುದಿಲ್ಲ ಎಂಬುದು ಬಹಳ ಜನರಿಗೆ ತಿಳಿಯದು.

ಹೆಸರು ಮಾರಿದ ರೊಕ್ಕದಲ್ಲಿ ಪಿಯುಸಿ ಓದುವ ಮಗಳಿಗೆ ಕೀಲಿಮಣೆ ಕೊಡಿಸಲು ನವಲಗುಂದ ಕಡೆಯ ರೈತನೊಬ್ಬ ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಗೆ ಬಂದಿದ್ದ. ಮನೆಯ ಹಳೆಯ ಲ್ಯಾಪ್‌ಟಾಪಿನ ನಾಲ್ಕೈದು ಗುಂಡಿಗಳು ಕೆಟ್ಟಿದ್ದವು. ಅಂಗಡಿಯವನು ತಂತಿ ಇಲ್ಲದ ಕೀಲಿಮಣೆಯೊಂದನ್ನು ಮುಂದಿಟ್ಟ.

“ಯವ್ವಾ, ವಾಯರ್ ಇಲ್ಲಂದ್ರ ನೀ ಒತ್ತಿದ್ದು ಕಂಪ್ಯೂಟರಿಗೆ ಹೆಂಗ ಮುಟ್ಟತೈತಿ?”

“ರೇಡಿಯೋದಾಗ ಹಾಡು ಬರ್ತೈತೆಲ್ಲಾ, ಹಂಗ ಬರ್ತೈತಿ ಅಪ್ಪಾ.”

“ರೇಡಿಯೋ ಅಂದಮ್ಯಾಲೆ ಬಾಜೂ ಮನಿಯವ್ರಿಗೂ ಕೇಳಿಸಬೇಕಲ್ಲ?”

ಮಗಳು ಸುಮ್ಮನಾದಳು. ಅಂಗಡಿಯವನು ನಕ್ಕು, “ಹತ್ತು ಮೀಟರ್ ತನಕ ಅಷ್ಟ ಕೆಲಸ ಮಾಡತೈತ್ರಿ” ಎಂದ. ಹೆಚ್ಚು ಓದದ ಆ ತಂದೆ ಕೇಳಿದ್ದೇ ಸರಿಯಾದ ಪ್ರಶ್ನೆ. ಪೆಟ್ಟಿಗೆಯ ಮೇಲೆ ಬಣ್ಣ, ಬೆಲೆ, ಬ್ಯಾಟರಿಯ ಆಯುಸ್ಸು ಎಲ್ಲವನ್ನೂ ಅಚ್ಚು ಹಾಕಿರುತ್ತಾರೆ. ಈ ಪ್ರಶ್ನೆಗೆ ಉತ್ತರವನ್ನು ಮಾತ್ರ ಅನೇಕರು ಹಾಕಿರುವುದಿಲ್ಲ.

1950ರಲ್ಲಿ ಆಕಾಶವಾಣಿಯ ಧಾರವಾಡ ಕೇಂದ್ರ ಆರಂಭವಾಯಿತು. ಅಲ್ಲಿಂದ ಹೊರಟ ಅಲೆ ಅಣ್ಣಿಗೇರಿಯ ಮನೆಗೂ ಕಲಘಟಗಿಯ ಚಹಾದಂಗಡಿಗೂ ಒಂದೇ ರೀತಿ ತಲುಪುತ್ತಿತ್ತು. ಯಾರು ಕೇಳುತ್ತಿದ್ದಾರೆಂಬುದು ಕೇಂದ್ರಕ್ಕೆ ಗೊತ್ತಾಗುತ್ತಿರಲಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ. ತಂತಿರಹಿತ ಕೀಲಿಮಣೆಯೂ ಒಂದು ಪುಟ್ಟ ಪ್ರಸಾರ ಕೇಂದ್ರವೇ. ಪ್ರತಿ ಗುಂಡಿಗೂ ಒಂದು ಸಂಖ್ಯೆ ಇರುತ್ತದೆ. ಗುಂಡಿ ಒತ್ತಿದಾಗ ಆ ಸಂಖ್ಯೆ ರೇಡಿಯೋ ಅಲೆಯ ಮೇಲೇರಿ ಕಂಪ್ಯೂಟರಿಗೆ ಸಿಕ್ಕಿಸಿದ ಚಿಕ್ಕ ರಿಸೀವರ್ ಸೇರುತ್ತದೆ. ಈ ಅಲೆ ಸಾಮಾನ್ಯವಾಗಿ ಸೆಕೆಂಡಿಗೆ 240 ಕೋಟಿ ಸಲ ಕಂಪಿಸುತ್ತದೆ. ವೈಫೈ ಬಳಸುವ ಪಟ್ಟಿಗಳಲ್ಲಿಯೂ ಇದೊಂದು. ಅಲೆಯ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರ್. ಇಟ್ಟಿಗೆ ಗೋಡೆ ಅದನ್ನು ಕುಗ್ಗಿಸುತ್ತದೆಯೇ ಹೊರತು ಪೂರ್ತಿ ತಡೆಯುವುದಿಲ್ಲ. ಇನ್ನು ಆ ಹತ್ತು ಮೀಟರ್ ಎಂಬುದು ಪೆಟ್ಟಿಗೆಯೊಳಗಿನ ಚಿಕ್ಕ ರಿಸೀವರಿನ ಅಳತೆ. ದೊಡ್ಡ ಆಂಟೆನಾ ಹಿಡಿದವನಿಗೆ ಅದಕ್ಕಿಂತ ಬಹಳ ದೂರದಿಂದಲೂ ಕೇಳಿಸುತ್ತದೆ.

ಅಲೆ ಎಲ್ಲರಿಗೂ ಕೇಳಿಸುವುದಾದರೆ ಉಳಿಯುವ ಉಪಾಯ ಒಂದೇ: ಕೇಳಿದರೂ ತಿಳಿಯದಂತೆ ಮಾತನಾಡುವುದು. ಮಕ್ಕಳು ಆಡುವ ‘ಕ’ ಭಾಷೆ ಇಂಥದ್ದೇ. ‘ನಾನು’ ಎನ್ನಲು ‘ಕನಾ ಕನು’ ಎನ್ನುತ್ತಾರೆ. ಹೊಸಬರಿಗೆ ಮೊದಲು ತಿಳಿಯುವುದಿಲ್ಲ. ಐದು ನಿಮಿಷ ಕಿವಿಗೊಟ್ಟರೆ ಗುಟ್ಟು ಬಯಲಾಗುತ್ತದೆ. ಕೆಲವು ಕೀಲಿಮಣೆಗಳ ಗೂಢಭಾಷೆಯೂ ಹೀಗೆಯೇ ಇತ್ತು. 2007ರಲ್ಲಿ ಸ್ವಿಟ್ಜರ್ಲೆಂಡಿನ ಭದ್ರತಾ ತಜ್ಞರು ಮೈಕ್ರೋಸಾಫ್ಟ್ ಕಂಪನಿಯ ಅಂದಿನ ತಂತಿರಹಿತ ಕೀಲಿಮಣೆಗಳನ್ನು ಪರೀಕ್ಷಿಸಿದರು. ಅವುಗಳ ಕೀಲಿಕೈ ಒಂದೇ ಬೈಟಿನದು. ಎಂದರೆ ಸಾಧ್ಯವಿರುವ ಕೀಲಿಕೈಗಳು 256 ಮಾತ್ರ. ಕಂಪ್ಯೂಟರಿಗೆ ಇವನ್ನೆಲ್ಲ ಒಂದೊಂದಾಗಿ ಹಾಕಿ ನೋಡುವುದು ಕಣ್ಣು ಮಿಟುಕಿಸುವಷ್ಟರ ಕೆಲಸ.

ಅದಾದರೂ ಇತ್ತು. 2016ರಲ್ಲಿ ಬ್ಯಾಸ್ಟಿಲ್ ಎಂಬ ಅಮೆರಿಕದ ಸಂಸ್ಥೆ ಎಂಟು ಕಂಪನಿಗಳ ಅಗ್ಗದ ಕೀಲಿಮಣೆಗಳಲ್ಲಿ ಗೂಢಲಿಪಿಯೇ ಇಲ್ಲವೆಂದು ತೋರಿಸಿತು. ಒತ್ತಿದ ಅಕ್ಷರ ಇದ್ದಂತೆಯೇ ಗಾಳಿಗೆ ಹೋಗುತ್ತಿತ್ತು. 250 ಅಡಿ ದೂರದಿಂದ ಓದಬಹುದಾಗಿತ್ತು. ಆ ಕೀಲಿಮಣೆಗಳನ್ನು ಸರಿಪಡಿಸುವ ದಾರಿಯೂ ಇರಲಿಲ್ಲ. ಹುಟ್ಟಿನಿಂದಲೇ ಬೀಗವಿಲ್ಲದ ಬಾಗಿಲು ಅದು. ಅದೇ ವರ್ಷ ಅದೇ ಸಂಸ್ಥೆ ಇನ್ನೊಂದು ದೋಷವನ್ನೂ ಬಯಲಿಗಿಟ್ಟಿತ್ತು. ಕೆಲವು ರಿಸೀವರ್‌ಗಳು ಒಡೆಯನ ಕೀಲಿಮಣೆಯ ಮಾತನ್ನಲ್ಲದೆ ಅಪರಿಚಿತನು ದೂರದಿಂದ ಕಳುಹಿಸಿದ ಅಕ್ಷರಗಳನ್ನೂ ನಂಬಿ ಕಂಪ್ಯೂಟರಿಗೆ ಒಪ್ಪಿಸುತ್ತಿದ್ದವು. ಎಂದರೆ ಕೇಳುವವನು ಮಾತ್ರವಲ್ಲ, ಮಾತನಾಡುವವನೂ ಒಳಗೆ ಬರಬಹುದು. ಇವುಗಳಲ್ಲಿ ಕೆಲವಕ್ಕೆ ಕಂಪನಿಗಳು ತಂತ್ರಾಂಶದ ತಿದ್ದುಪಡಿ ಕೊಟ್ಟವು.

ಹಾಗಾದರೆ ಒಳ್ಳೆಯ ಬೀಗ ಯಾವುದು? ಇದನ್ನು ತಿಳಿಯಲು ನವಲಗುಂದದ ಜಮಖಾನೆಯನ್ನು ನೆನೆಯಬಹುದು. ಅಲ್ಲಿಯ ನೇಕಾರ ಮನೆತನಗಳು ನೇಯ್ಗೆಯ ಗುಟ್ಟು ಮದುವೆಯಾದ ಮೇಲೆ ಬೇರೆ ಮನೆ ಸೇರೀತೆಂದು ಹೆಣ್ಣುಮಕ್ಕಳಿಗೂ ಕಲಿಸುತ್ತಿರಲಿಲ್ಲ ಎಂದು ಹೇಳುತ್ತಾರೆ. ಅಲ್ಲಿ ವಿಧಾನವೇ ಗುಟ್ಟು. ಗೂಢಲಿಪಿಯ ಶಾಸ್ತ್ರದಲ್ಲಿ ಇದು ತಿರುವುಮುರುವು. ವಿಧಾನ ವೈರಿಗೆ ತಿಳಿದರೂ ಚಿಂತೆಯಿಲ್ಲ, ಕೀಲಿಕೈ ಒಂದು ಗುಟ್ಟಾಗಿದ್ದರೆ ಸಾಕು ಎಂಬ ಸೂತ್ರವನ್ನು 1883ರಲ್ಲಿಯೇ ಆಗಸ್ಟ್ ಕೆರ್ಕ್‌ಹಾಫ್ಸ್ ಹೇಳಿದ್ದ. ಬೆಲ್ಜಿಯಂ ದೇಶದ ಇಬ್ಬರು ರೂಪಿಸಿ, 2001ರಲ್ಲಿ ಅಮೆರಿಕ ಮಾನ್ಯ ಮಾಡಿದ ಎಇಎಸ್ ಎಂಬ ವಿಧಾನ ಇಂಥದು. ಅದರ ಲೆಕ್ಕ ಎಲ್ಲರಿಗೂ ತೆರೆದಿದೆ. ಲೋಕದ ಗಣಿತಜ್ಞರು ಅದನ್ನು ಜಾಲಾಡಿದ್ದಾರೆ. 128 ಬಿಟ್‌ಗಳ ಎಇಎಸ್ ಕೀಲಿಕೈಗಳ ಸಂಖ್ಯೆಯನ್ನು ಬರೆದರೆ 39 ಅಂಕಿಗಳಾಗುತ್ತವೆ. 256 ಎಲ್ಲಿ, ಇದೆಲ್ಲಿ! ಆದ್ದರಿಂದ ಪೆಟ್ಟಿಗೆಯ ಮೇಲೆ ‘ಎಇಎಸ್ 128’ ಎಂದು ಸ್ಪಷ್ಟವಾಗಿ ಬರೆದಿದ್ದರೆ ಅದು ಭರವಸೆಯ ಗುರುತು. ‘ನಮ್ಮದೇ ಗುಪ್ತ ತಂತ್ರಜ್ಞಾನ’ ಎಂದಷ್ಟೇ ಬರೆದಿದ್ದರೆ ಅನುಮಾನ ಪಡುವುದು ಜಾಣತನ.

ಬ್ಲೂಟೂತ್ ಕೀಲಿಮಣೆಗಳು ಇನ್ನೊಂದು ಬಗೆ. ಮೊದಲ ಸಲ ಜೋಡಿಸುವಾಗ ಪರದೆ ತೋರಿಸುವ ಅಂಕಿಗಳನ್ನು ಕೀಲಿಮಣೆಯಲ್ಲಿ ಒತ್ತಿಸಿ ಗುರುತು ಹಿಡಿಯುವ ಮಾದರಿ ಒಳ್ಳೆಯದು. ಅದನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. 2023ರ ಡಿಸೆಂಬರಿನಲ್ಲಿ, ಅಪರಿಚಿತ ಸಾಧನವೊಂದು ತಾನೇ ಬ್ಲೂಟೂತ್ ಕೀಲಿಮಣೆ ಎಂದು ನಂಬಿಸಿ ಅಕ್ಷರ ಒತ್ತಬಹುದಾದ ದೋಷ ಪ್ರಕಟವಾಯಿತು. ಹೊಸ ಆವೃತ್ತಿಗಳಿಗೆ ತಿದ್ದುಪಡಿ ಬಂತು. ಹಳೆಯ ಆಂಡ್ರಾಯ್ಡ್ ಫೋನುಗಳಿಗೆ ಬರಲಿಲ್ಲ.

ತಂತಿ ಇದ್ದರೆ ಪೂರಾ ನಿಶ್ಚಿಂತೆಯೇ? ಹಾಗೂ ಅಲ್ಲ. ಮಾಸ್ಕೋದ ಅಮೆರಿಕ ರಾಯಭಾರ ಕಚೇರಿಯ ವಿದ್ಯುತ್ ಟೈಪ್‌ರೈಟರ್‌ಗಳಲ್ಲಿ ಸೋವಿಯತ್ ಗೂಢಚಾರರು ಅಡಗಿಸಿದ್ದ ಸಾಧನಗಳು 1984ರಲ್ಲಿ ಪತ್ತೆಯಾದವು. ಒತ್ತಿದ ಅಕ್ಷರವೆಲ್ಲ ಹೊರಗೆ ರವಾನೆಯಾಗುತ್ತಿತ್ತು. ಆದರೆ ಅದು ಎರಡು ಮಹಾರಾಷ್ಟ್ರಗಳ ಮೇಲಾಟ. ಹಳ್ಳಿಯ ಮನೆಗೆ ತಂತಿಯ ಕೀಲಿಮಣೆಯೇ ಸಾಮಾನ್ಯವಾಗಿ ಅಗ್ಗ. ಬ್ಯಾಟರಿಯೂ ಬೇಡ, ಸಾಕಷ್ಟು ಭದ್ರವೂ ಹೌದು. ಕನ್ನಡ ಬರೆಯಲು ಬೇರೆ ಕೀಲಿಮಣೆ ಹುಡುಕಬೇಕಾಗಿಲ್ಲ, ಕೆ.ಪಿ. ರಾವ್ ಅವರು ರೂಪಿಸಿದ ಅಕ್ಷರವಿನ್ಯಾಸ ಇಂಗ್ಲಿಷ್ ಗುಂಡಿಗಳ ಮೇಲೆಯೇ ಸಲೀಸಾಗಿ ಕೂಡುತ್ತದೆ.

ಪ್ರಮಾಣ ಮರೆಯಬಾರದು. ಆಂಟೆನಾ ಹಿಡಿದು ಹಳ್ಳಿಯ ಮನೆಯ ಹಿತ್ತಿಲಲ್ಲಿ ಕೂರುವ ಕಳ್ಳನಿಗಿಂತ, ಬ್ಯಾಂಕಿನವನೆಂದು ಹೇಳಿ ಫೋನಿನಲ್ಲಿ ಒಟಿಪಿ ಕೇಳುವ ಕಳ್ಳ ಹೆಚ್ಚು ಹತ್ತಿರದವನು. ಗುಪ್ತಪದವನ್ನು ನೋಟಬುಕ್ಕಿನ ರಟ್ಟಿನ ಮೇಲೆ ಬರೆದಿಟ್ಟು, ಕೀಲಿಮಣೆಗೆ ಮಾತ್ರ ಬೀಗ ಹುಡುಕಿದರೆ ಕೊಟ್ಟಿಗೆಯ ಕದ ಹಾಕಿ ಗೋಡೆ ಕೆಡವಿದಂತಾದೀತು. ಆಟಕ್ಕೆ, ಪಾಠ ಬರೆಯುವುದಕ್ಕೆ ತಂತಿರಹಿತ ಕೀಲಿಮಣೆ ಇರಲಿ, ಅಡ್ಡಿಯಿಲ್ಲ. ದಿನಕ್ಕೆ ಹತ್ತಾರು ಜನರ ಗುಟ್ಟು ಒತ್ತುವ ಸೇವಾಕೇಂದ್ರದ ಮಾತು ಬೇರೆ. ಅಲ್ಲಿ ತಂತಿ ಇರುವುದೇ ಮೇಲು. ಮನೆಯಲ್ಲಿಯೂ ರೊಕ್ಕದ, ಪ್ರವೇಶದ ಕೆಲಸಕ್ಕೆ ಅದೇ ಪಾಠ.

ಗೂಢಲಿಪಿಯ ಗಣಿತ ಎಲ್ಲ ತಂದೆತಾಯಿಗಳಿಗೂ ತಿಳಿಯಬೇಕಾಗಿಲ್ಲ. ರೇಡಿಯೋ ಅಂದಮೇಲೆ ಬಾಜೂ ಮನೆಗೂ ಕೇಳಿಸಬೇಕಲ್ಲ ಎಂದು ಅಂಗಡಿಯಲ್ಲಿ ಸಂಕೋಚವಿಲ್ಲದೆ ಕೇಳಿದರೆ ಸಾಕು. ಉತ್ತರ ಹುಡುಕಿ ಕೊಡುವ ಕೆಲಸ ವಿಜ್ಞಾನ ಓದುವ ಮಕ್ಕಳದು.