ಹಿಂದಿನ ಗೇಟಿನ ಕೀ ಯಾರ ಹತ್ರ ಇದೆ?

ನಮ್ಮ ಆಫೀಸಿನಲ್ಲಿ ಆರು ತಿಂಗಳಿಗೊಮ್ಮೆ ಫೈರ್ ಡ್ರಿಲ್ ಆಗುತ್ತೆ. ಸೈರನ್ ಕೂಗಿದ ತಕ್ಷಣ ನಾವೆಲ್ಲ ಕಾಫಿ ಮಗ್ ಹಿಡಿದುಕೊಂಡು, ಸದ್ಯ ಒಂದು ಮೀಟಿಂಗ್ ತಪ್ಪಿತು ಅನ್ನೋ ಖುಷಿಯಲ್ಲಿ, ಏಳು ಮಹಡಿ ಮೆಟ್ಟಿಲು ಇಳಿದು ಪಾರ್ಕಿಂಗಿನಲ್ಲಿ ನಿಲ್ಲುತ್ತೇವೆ. ನಮ್ಮ ಫ್ಲೋರಿಗೆ ನಾನೇ ಫೈರ್ ವಾರ್ಡನ್. ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು ತಲೆ ಎಣಿಸೋದು ನನ್ನ ಕೆಲಸ.

ಕಳೆದ ಸಲ ಡ್ರಿಲ್ ಮುಗಿಸಿ ಮನೆಗೆ ಬಂದು, ಎರಡನೇ ಕ್ಲಾಸಿನ ಮಗಳಿಗೆ ಇದನ್ನೆಲ್ಲ ಕಥೆ ಥರ ಹೇಳಿದೆ. ಆಮೇಲೆ ಸುಮ್ಮನೆ ಕೇಳಿದೆ, "ನಿಮ್ಮ ಸ್ಕೂಲಲ್ಲಿ ಬೆಂಕಿ ಬಂದ್ರೆ ಏನ್ ಮಾಡ್ತೀಯ?"

"ಬೆಂಚಿನ ಕೆಳಗೆ ಬಚ್ಚಿಟ್ಕೋತೀನಿ. ಮಿಸ್ ಬಂದು ಕರ್ಕೊಂಡು ಹೋಗ್ತಾರೆ."

ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಚಿಕ್ಕ ಮಕ್ಕಳು ಹೆದರಿದಾಗ ಓಡೋದಿಲ್ಲ, ಬಚ್ಚಿಟ್ಟುಕೊಳ್ತಾರೆ. ಹೊಗೆ ತುಂಬಿದ ಕೋಣೆಯಲ್ಲಿ ಬೆಂಚಿನ ಕೆಳಗಿರೋ ಮಗು ಯಾರ ಕಣ್ಣಿಗೂ ಬೀಳೋದಿಲ್ಲ.

ಕುಂಭಕೋಣಂ ನೆನಪಿದೆಯಾ? 2004ರ ಜುಲೈ 16. ನಾನಾಗ ಪಿಯುಸಿಯಲ್ಲಿದ್ದೆ. ಮಧ್ಯಾಹ್ನದ ಊಟಕ್ಕೆ ಅಡುಗೆಯಾಗುತ್ತಿದ್ದ ಜಾಗದಲ್ಲಿ ಹೊತ್ತಿಕೊಂಡ ಬೆಂಕಿ ಗರಿ ಹೊದಿಸಿದ ಚಾವಣಿಗೆ ತಗುಲಿತು. ಪ್ರೈಮರಿ ಮಕ್ಕಳಿದ್ದದ್ದು ಮೇಲಿನ ಅಂತಸ್ತಿನಲ್ಲಿ. ಇಳಿಯುವ ಮೆಟ್ಟಿಲು ಇಕ್ಕಟ್ಟು. 94 ಮಕ್ಕಳು ತೀರಿಕೊಂಡರು. ಆ ದುರಂತದ ನಂತರ ದಾಖಲಾದ ಅರ್ಜಿಯೊಂದರಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಶಾಲೆಗಳಲ್ಲಿ ಬೆಂಕಿ ಆರಿಸುವ ಉಪಕರಣ ಇರಬೇಕು, ಅದನ್ನು ಬಳಸೋಕೆ ಸಿಬ್ಬಂದಿಗೆ ತರಬೇತಿ ಕೊಡಬೇಕು ಅಂತ ಹೇಳಿತು.

ಶನಿವಾರದ ಪೇರೆಂಟ್ಸ್ ಮೀಟಿಂಗಿಗೆ ಹೋದಾಗ ಮೊದಲ ಬಾರಿಗೆ ಮಾರ್ಕ್ಸ್ ಕಾರ್ಡ್ ಬಿಟ್ಟು ಕಟ್ಟಡ ನೋಡಿದೆ. ಕಾರಿಡಾರಿನಲ್ಲಿ ಕೆಂಪು ಸಿಲಿಂಡರ್ ಇತ್ತು, ತಪ್ಪು ಹೇಳಬಾರದು. ಎರಡನೇ ಮೆಟ್ಟಿಲೂ ಇತ್ತು, ಆದರೆ ಅದರ ಮೇಲೆ ಮುರಿದ ಬೆಂಚು, ಆನ್ಯುಯಲ್ ಡೇ ಥರ್ಮೋಕೋಲು. ಅದನ್ನು ದಾಟಿ ಕೆಳಗಿಳಿದರೆ ಹಿಂದಿನ ಗೇಟು. ಗೇಟಿಗೆ ಕೈಯಗಲದ ಬೀಗ.

ಕೀ ಯಾರ ಹತ್ರ ಇದೆ ಅಂತ ವಾಚ್‌ಮನ್ನನ್ನು ಕೇಳಿದೆ. "ಆಫೀಸಲ್ಲಿರಬೇಕು ಮೇಡಂ." ಆಫೀಸಿನಲ್ಲಿ ಕೇಳಿದರೆ, "ಆಯಾ ಹತ್ರ ಇರ್ಬೇಕು." ಆಯಾ ಅವತ್ತು ರಜ.

ರೋಷದಿಂದಲೇ ಪ್ರಿನ್ಸಿಪಾಲರ ರೂಮಿಗೆ ಹೋದೆ. ಅವರು ಪೂರ್ತಿ ಕೇಳಿಸಿಕೊಂಡು, ಒಂದು ಫೈಲು ತೆಗೆದು ನನ್ನ ಮುಂದಿಟ್ಟರು. "ಬೀಗ ಹಾಕಿ ಅಂದೋರು ನೀವೇ ಅಲ್ವಾ ಮೇಡಂ?"

ಹೋದ ವರ್ಷ ಯಾರೋ ಅಪರಿಚಿತ ಕಾಂಪೌಂಡಿನೊಳಗೆ ಬಂದಿದ್ದ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಗಲಾಟೆ ಎದ್ದಿತ್ತು. ಸಿಸಿಟಿವಿ ಬೇಕು, ಕಿಟಕಿಗೆ ಗ್ರಿಲ್ ಬೇಕು, ಹಿಂದಿನ ಗೇಟಿಗೆ ಬೀಗ ಬೇಕು ಅಂತ ನಾವೆಲ್ಲ ಸೇರಿ ಪತ್ರ ಬರೆದಿದ್ದೆವು. ಪತ್ರದ ಕೆಳಗೆ ಮೂರನೇ ಸಹಿ ನನ್ನದೇ.

ನಾನು ಏನೂ ಮಾತಾಡಲಿಲ್ಲ. ಹೊರಗಿನವರು ಒಳಗೆ ಬರಬಾರದು ಅನ್ನೋದಷ್ಟೇ ಅವತ್ತು ನಮ್ಮ ತಲೆಯಲ್ಲಿದ್ದದ್ದು. ಒಳಗಿರೋ ಮಕ್ಕಳು ಹೊರಗೆ ಹೋಗೋದು ಹೇಗೆ ಅಂತ ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಆಫೀಸಿನಲ್ಲಿ ಜಾಕೆಟ್ ಹಾಕಿಕೊಂಡು ಓಡಾಡೋ ನಾನೂ ಕೇಳಿರಲಿಲ್ಲ.

ಕೊನೆಗೆ ಅವರೇ ದಾರಿ ಹುಡುಕಿದರು. ಶಾಲೆಯ ಸಮಯದಲ್ಲಿ ಬೀಗ ಬೇಡ, ಒಳಗಿನಿಂದ ದೊಡ್ಡವರ ಕೈಗೆಟಕುವಷ್ಟು ಎತ್ತರದಲ್ಲಿ ಚಿಲಕ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಒಬ್ಬ ಆಯಾ. ಬೆಂಚುಗಳು ಗುಜರಿಗೆ ಹೋದವು. ತಿಂಗಳಾದ ಮೇಲೆ ಮೊದಲ ಡ್ರಿಲ್. ಎಲ್ಲ ಮಕ್ಕಳೂ ಮೈದಾನಕ್ಕೆ ಬರೋಕೆ ಒಂಬತ್ತು ನಿಮಿಷ ಹಿಡಿಯಿತು. ಒಬ್ಬಳು ಅರ್ಧ ದಾರಿಯಿಂದ ಟಿಫನ್ ಬಾಕ್ಸ್ ತರೋಕೆ ವಾಪಸ್ ಹೋದಳಂತೆ. ಯಾರು ಅಂತ ಹೇಳಬೇಕಾಗಿಲ್ಲ ಅಲ್ವಾ? ಎರಡನೇ ಡ್ರಿಲ್ ಹೊತ್ತಿಗೆ ಅದು ಐದು ನಿಮಿಷಕ್ಕೆ ಇಳಿದಿತ್ತು.

ಅವರ ಕ್ಲಾಸ್ ಮಿಸ್ ಇನ್ನೊಂದು ಕೆಲಸ ಮಾಡಿದರು. ಮಕ್ಕಳನ್ನು ಶಾಲೆ ಸುತ್ತ ಕರೆದುಕೊಂಡು ಹೋಗಿ, ಅಪಾಯ ಅನಿಸಿದ್ದನ್ನೆಲ್ಲ ಚಿತ್ರ ಬಿಡಿಸೋಕೆ ಹೇಳಿದರು. ಮೇಲೆ ನಿಂತರೆ ಅಲ್ಲಾಡುವ ಸಂಪಿನ ಮುಚ್ಚಳ, ಕಂಬಿಯಿಂದ ಜಾರಿ ವಾಲುವ ಸ್ಲೈಡಿಂಗ್ ಗೇಟು, ವಾಟರ್ ಫಿಲ್ಟರ್ ಪಕ್ಕದ ಒಡೆದ ಪ್ಲಗ್. ಎಲ್ಲವೂ ಮೂರೂವರೆ ಅಡಿ ಎತ್ತರದಿಂದ ಕಾಣುವಂಥವು. ದಿನಾ ಓಡಾಡುವ ನಮಗೆ ಒಂದೂ ಕಂಡಿರಲಿಲ್ಲ.

ಅವತ್ತು ಸಂಜೆ ಮಗಳು ನಮ್ಮ ಫ್ಲ್ಯಾಟಿನಲ್ಲೂ ಪೆನ್ಸಿಲ್ ಹಿಡಿದು ಇನ್‌ಸ್ಪೆಕ್ಷನ್ ಶುರು ಮಾಡಿದಳು. ಬಾಗಿಲಿನ ಹೊರಗಿರೋ ಕಬ್ಬಿಣದ ಗ್ರಿಲ್ ಗೇಟಿನ ಮುಂದೆ ನಿಂತು ಕೇಳಿದಳು:

"ಅಮ್ಮ, ರಾತ್ರಿ ಇದಕ್ಕೆ ಬೀಗ ಹಾಕ್ತೀರಲ್ಲ, ಕೀ ಎಲ್ಲಿಡ್ತೀರ?"

ಫ್ರಿಜ್ ಮೇಲೆ ನೋಡಿದೆ. ದೇವರ ಮನೆಯ ಗೂಡಿನಲ್ಲಿ ನೋಡಿದೆ. ಆಮೇಲೆ ಗಂಡನಿಗೆ ಫೋನ್ ಮಾಡಿದೆ. ಅವರ ಬೈಕ್ ಕೀ ಜೊತೆಗಿತ್ತಂತೆ, ಆಫೀಸಿನಲ್ಲಿ.

ಈಗ ಬಾಗಿಲ ಪಕ್ಕದಲ್ಲೇ ಒಂದು ಮೊಳೆ ಹೊಡೆದಿದ್ದೇವೆ. ಅವಳ ಕೈಗೆಟಕುವಷ್ಟು ಕೆಳಗೆ.