ಗೌವರ್ ಬೀದಿಯ ಒಂದು ಮೈಲಿ

ಲಾಸ್ ಏಂಜಲಿಸ್‌ಗೆ ಹೋದವರು ಹಾಲಿವುಡ್ ಬುಲೆವಾರ್ಡ್‌ನ ಕಾಲುದಾರಿಯಲ್ಲಿ ಹುದುಗಿಸಿದ ನಕ್ಷತ್ರಗಳ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನನ್ನನ್ನು ಸೆಳೆದದ್ದು ಗೌವರ್ ಬೀದಿ. ಸನ್‌ಸೆಟ್ ಬುಲೆವಾರ್ಡ್‌ನಿಂದ ಮೆಲ್ರೋಸ್ ಅವೆನ್ಯೂವರೆಗೆ ಅದು ಹೆಚ್ಚುಕಡಿಮೆ ಒಂದು ಮೈಲಿ. 1930ರ ದಶಕದಲ್ಲಿ ಕೊಲಂಬಿಯಾ, ಆರ್‌ಕೆಒ, ಪ್ಯಾರಾಮೌಂಟ್ ಮೂರೂ ಸ್ಟುಡಿಯೊಗಳು ಈ ಒಂದು ಮೈಲಿಯ ಆಸುಪಾಸಿನಲ್ಲೇ ಇದ್ದವು. ನಾನು ಮತ್ತೆ ಮತ್ತೆ ನೋಡಿ ದಣಿಯದ ಸ್ಕ್ರೂಬಾಲ್ ಕಾಮಿಡಿಗಳಲ್ಲಿ, ಅಂದರೆ ಗಂಡು–ಹೆಣ್ಣಿನ ಜಟಾಪಟಿಯೇ ಜೀವಾಳವಾದ ಪ್ರೇಮಹಾಸ್ಯಗಳಲ್ಲಿ, ಎಷ್ಟೋ ಹುಟ್ಟಿದ್ದು ಇಲ್ಲೇ.

ಸನ್‌ಸೆಟ್ ಮೂಲೆಯಲ್ಲಿ ಕೌಬಾಯ್ ಊರಿನ ವೇಷ ತೊಟ್ಟ ಅಂಗಡಿಸಾಲು ಇದೆ. ಕುದುರೆ ಸವಾರಿ ಬಲ್ಲವರು ಸಿನಿಮಾದಲ್ಲಿ ದಿನಗೂಲಿ ಸಿಗಲೆಂದು ಹಿಂದೆ ಕಾಯುತ್ತಿದ್ದುದು ಈ ಮೂಲೆಯಲ್ಲೇ. ರಸ್ತೆ ದಾಟಿದರೆ ಹಳೆಯ ಕೊಲಂಬಿಯಾದ ಗೋಡೆಗಳು. ಈಗ ಅದು ಸನ್‌ಸೆಟ್ ಗೌವರ್ ಸ್ಟುಡಿಯೊ. ಬಡ ಸ್ಟುಡಿಯೊ ಎಂದು ದೊಡ್ಡವರು ಮೂಗು ಮುರಿಯುತ್ತಿದ್ದ ಈ ಕೊಲಂಬಿಯಾದಲ್ಲೇ ಫ್ರ್ಯಾಂಕ್ ಕಾಪ್ರಾ 1934ರಲ್ಲಿ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಮಾಡಿದರು. ನಾಯಕಿ ಕ್ಲಾಡೆಟ್ ಕೋಲ್ಬರ್ಟ್‌ಗೆ ಆ ಚಿತ್ರದಲ್ಲಿ ನಂಬಿಕೆಯೇ ಇರಲಿಲ್ಲ. ನಾಲ್ಕು ವಾರದಲ್ಲಿ ಮುಗಿಸಿಕೊಡಬೇಕೆಂಬ ಷರತ್ತಿನ ಮೇಲೆ ಒಪ್ಪಿದ್ದರು. ಮರುವರ್ಷ ಆಸ್ಕರ್ ಘೋಷಣೆಯಾದ ರಾತ್ರಿ ಅವರು ನ್ಯೂಯಾರ್ಕ್ ರೈಲಿಗೆ ಹೊರಟಿದ್ದರು. ಕರೆದುಕೊಂಡು ಬಂದರು, ಪ್ರಯಾಣದ ಉಡುಪಿನಲ್ಲೇ ವೇದಿಕೆ ಹತ್ತಿ ಪ್ರಶಸ್ತಿ ಪಡೆದರು! ಆ ಚಿತ್ರದ ಕಥೆ ನಮ್ಮತ್ತಲೂ ಬಂತು. ರಾಜ್ ಕಪೂರ್–ನರ್ಗಿಸ್‌ರ ‘ಚೋರಿ ಚೋರಿ’ (1956) ಅದರದೇ ಕೂಸು.

‘ಇಟ್ ಹ್ಯಾಪನ್ಡ್ ಒನ್ ನೈಟ್’ನಲ್ಲಿ ನಾಯಕ ಕ್ಲಾರ್ಕ್ ಗೇಬಲ್ ಹೆಬ್ಬೆರಳು ತೋರಿಸಿ ಕಾರು ನಿಲ್ಲಿಸುವ ವಿದ್ಯೆಯನ್ನು ಭಾಷಣ ಬಿಗಿಯುತ್ತ ಕಲಿಸುತ್ತಾನೆ. ಸಾಲು ಸಾಲು ಕಾರುಗಳು ಭರ್ರನೆ ಹೋಗುತ್ತವೆ. ಬೇಲಿಯ ಮೇಲೆ ಕೂತಿದ್ದ ಕೋಲ್ಬರ್ಟ್ ಇಳಿದು ಬಂದು ಲಂಗವನ್ನು ಮೊಣಕಾಲಿನ ಮೇಲಕ್ಕೆ ಸರಿಸುತ್ತಾಳೆ. ಮುಂದಿನ ಕಾರಿಗೆ ಬ್ರೇಕು! ಇಡೀ ಪ್ರಕಾರದ ಪ್ರಾಣ ಈ ಕೆಲವೇ ಕ್ಷಣಗಳಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಗಂಡಸು ವಿವರಿಸುತ್ತಾನೆ, ಹೆಣ್ಣು ಮಾಡಿ ತೋರಿಸುತ್ತಾಳೆ. ನಗುವ ಹಕ್ಕು ಅವಳದು.

1934ರ ನಡುವಿನಿಂದ ಪ್ರೊಡಕ್ಷನ್ ಕೋಡ್ ಎಂಬ ಹಾಲಿವುಡ್‌ನ ಸ್ವಯಂ ಸೆನ್ಸಾರ್ ನಿಯಮಾವಳಿ ಬಿಗಿಯಾಯಿತು. ತೆರೆಯ ಮೇಲೆ ಶೃಂಗಾರಕ್ಕೆ ಕಡಿವಾಣ ಬಿತ್ತು. ಹೇಳಬೇಕಾದದ್ದೆಲ್ಲ ಆಗ ಮಾತಿಗೆ ಹರಿಯಿತು: ಜಗಳ, ಛೇಡಿಕೆ, ಸವಾಲು–ಜವಾಬು. ಹಾಗಾಗಿ ಮಾತಿನಲ್ಲಿ ಚುರುಕಾದ ನಟಿಯರ ಕಾಲ ಬಂತು. ಕೊಲಂಬಿಯಾದ ಇದೇ ಗೋಡೆಗಳಾಚೆ ‘ದಿ ಆಫುಲ್ ಟ್ರೂತ್’ (1937) ಚಿತ್ರದಲ್ಲಿ ಐರೀನ್ ಡನ್, ವಿಚ್ಛೇದನಕ್ಕೆ ಹೊರಟ ಗಂಡನ ತಂಗಿಯ ಸೋಗು ಹಾಕಿ, ಅವನ ಹೊಸ ಬೀಗರ ಮನೆಗೆ ನುಗ್ಗಿ ಹಾಡಿ ಕುಣಿದು ಮಾನ ಕಳೆಯುತ್ತಾಳೆ. ‘ಹಿಸ್ ಗರ್ಲ್ ಫ್ರೈಡೆ’ (1940) ಮೂಲ ನಾಟಕದಲ್ಲಿ ವರದಿಗಾರ ಹಿಲ್ಡಿ ಗಂಡಸು. ನಿರ್ದೇಶಕ ಹೋವರ್ಡ್ ಹಾಕ್ಸ್ ಆ ಪಾತ್ರವನ್ನು ಹೆಣ್ಣಾಗಿಸಿ ರೋಸಲಿಂಡ್ ರಸೆಲ್ ಕೈಗಿಟ್ಟರು. ಅರಳು ಹುರಿದ ಹಾಗೆ ಮಾತು! ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರದು ಮೇಲೇರುತ್ತದೆ. ಸುದ್ದಿಗಾಗಿ ಆಕೆ ಜೈಲಿನ ಅಧಿಕಾರಿಯನ್ನು ಬೀದಿಯಲ್ಲಿ ಅಟ್ಟಿಸಿಕೊಂಡು ಹೋಗಿ ಹಾರಿ ಕೆಡವುತ್ತಾಳೆ.

ದಕ್ಷಿಣಕ್ಕೆ ನಡೆದೆ. ಸಾಂತಾ ಮೋನಿಕಾ ಬುಲೆವಾರ್ಡ್ ದಾಟಿದರೆ ಎಡಕ್ಕೆ ಹಾಲಿವುಡ್ ಫಾರೆವರ್ ಸ್ಮಶಾನ. ಅದರ ಬೆನ್ನಿಗೇ ಪ್ಯಾರಾಮೌಂಟ್. ಅಲ್ಲಿ ಪ್ರೆಸ್ಟನ್ ಸ್ಟರ್ಜಸ್ ಬರೆದು ನಿರ್ದೇಶಿಸಿದ ‘ದಿ ಲೇಡಿ ಈವ್’ (1941) ತಯಾರಾಯಿತು. ಹಡಗಿನ ಊಟದ ಹಾಲ್‌ನಲ್ಲಿ ಬಾರ್ಬರಾ ಸ್ಟ್ಯಾನ್‌ವಿಕ್ ಪುಟ್ಟ ಕನ್ನಡಿ ಎತ್ತಿ ಹಿಡಿಯುತ್ತಾಳೆ. ಹಿಂದೆ ಕೂತ ಶ್ರೀಮಂತ ಹೆನ್ರಿ ಫೊಂಡಾನ ಗಮನ ಸೆಳೆಯಲು ಹೆಂಗಸರು ಪಡುವ ಪಾಡೆಲ್ಲ ಆ ಕನ್ನಡಿಯಲ್ಲಿ. ಒಬ್ಬೊಬ್ಬರ ನಡೆಗೂ ಈಕೆಯದೇ ವೀಕ್ಷಕ ವಿವರಣೆ. ಕೊನೆಗೆ ಅವನು ಪಕ್ಕದಲ್ಲಿ ಹಾದುಹೋಗುವಾಗ ಕಾಲು ಚಾಚಿ ಬೀಳಿಸುತ್ತಾಳೆ. ಬಾಲ್ಯದಲ್ಲೇ ತಾಯಿಯನ್ನು ಕಳೆದುಕೊಂಡು, ಪರರ ಮನೆಗಳಲ್ಲಿ ಬೆಳೆದ ಬ್ರೂಕ್ಲಿನ್ ಹುಡುಗಿ ಸ್ಟ್ಯಾನ್‌ವಿಕ್. ಆ ಕಣ್ಣಿನ ಎಚ್ಚರ ಬರೀ ನಟನೆಯಿಂದ ಬಂದದ್ದಲ್ಲ.

ಮೆಲ್ರೋಸ್ ಮೂಲೆಗೆ ಬಂದು ಕತ್ತೆತ್ತಿದೆ. ಕಟ್ಟಡದ ನೆತ್ತಿಯ ಮೇಲೆ ದೊಡ್ಡ ಭೂಗೋಳ! ಅದು ಆರ್‌ಕೆಒದ ಗುರುತು. ಕಟ್ಟಡ ಈಗ ಪ್ಯಾರಾಮೌಂಟ್‌ಗೆ ಸೇರಿದರೂ ಗೋಳ ಅಲ್ಲೇ ಇದೆ. ‘ಬ್ರಿಂಗಿಂಗ್ ಅಪ್ ಬೇಬಿ’ (1938) ಆರ್‌ಕೆಒ ಸಂಸ್ಥೆಯದು. ಅದರಲ್ಲಿ ಕ್ಯಾಥರೀನ್ ಹೆಪ್‌ಬರ್ನ್ ನಿಜವಾದ ಚಿರತೆಯ ಜೊತೆ ನಟಿಸಿದರು. ಚಿರತೆಯೆಂದರೆ ದಿಗಿಲು ಬೀಳುತ್ತಿದ್ದವರು ನಾಯಕ ಕ್ಯಾರಿ ಗ್ರ್ಯಾಂಟ್. ಇಂದು ಶ್ರೇಷ್ಠರ ಸಾಲಿನಲ್ಲಿರುವ ಆ ಚಿತ್ರ ಅಂದು ನಷ್ಟ ಮಾಡಿತು. ಹೆಪ್‌ಬರ್ನ್ ಹೆಸರು ಗಲ್ಲಾಪೆಟ್ಟಿಗೆಗೆ ವಿಷ ಎಂದು ಚಿತ್ರಮಂದಿರಗಳವರು ಜಾಹೀರಾತನ್ನೇ ಕೊಟ್ಟರು.

‘ಬ್ರಿಂಗಿಂಗ್ ಅಪ್ ಬೇಬಿ’ ಮುಗಿಸಿ ಹೆಪ್‌ಬರ್ನ್ ಹೋದದ್ದು ಎಲ್ಲಿಗೆ? ಇದೇ ಬೀದಿಯ ಆ ತುದಿಗೆ, ಕೊಲಂಬಿಯಾಕ್ಕೆ. ಅದೇ ವರ್ಷ, ಅದೇ ಗ್ರ್ಯಾಂಟ್ ಜೊತೆ ‘ಹಾಲಿಡೇ’ ಮಾಡಿದರು. ಅದೂ ಅವರ ಕೈ ಹಿಡಿಯಲಿಲ್ಲ. ಆದರೂ ಆ ಚಿತ್ರದಲ್ಲಿ ಗ್ರ್ಯಾಂಟ್‌ನ ಹೆಗಲ ಮೇಲಿಂದ ಲಾಗ ಹಾಕುವ ಹೆಪ್‌ಬರ್ನ್‌ರನ್ನು ನೋಡಿ. ಸೋತವರ ಲಕ್ಷಣ ಎಳ್ಳಷ್ಟೂ ಇಲ್ಲ. ಎರಡು ವರ್ಷದಲ್ಲಿ ‘ದಿ ಫಿಲಡೆಲ್ಫಿಯಾ ಸ್ಟೋರಿ’ ಬಂತು, ಜನ ಮತ್ತೆ ಒಪ್ಪಿಕೊಂಡರು. ನಾನು ಈ ನಟಿಯರನ್ನು ಪ್ರೀತಿಸುವುದು ಇದಕ್ಕೇ. ಇವರು ನಗಿಸಿದ್ದು ಪೆದ್ದುತನದಿಂದ ಅಲ್ಲ, ಬುದ್ಧಿಯ ವೇಗದಿಂದ. ಹೆಣ್ಣಿನ ಜಾಣತನವನ್ನು ಸಹಿಸಿಕೊಳ್ಳುವುದಲ್ಲ, ಅದಕ್ಕೇ ಮನಸೋಲುವುದು ಪ್ರೇಮ ಎಂದು ತೊಂಬತ್ತು ವರ್ಷದ ಹಿಂದೆಯೇ ನಗುನಗುತ್ತ ಹೇಳಿಬಿಟ್ಟರು.